ಮುಂದಿನ ವಾರದ ಬಿಸಿಲು: ಮುನ್ಸೂಚನೆ ಅರಿತು ದಿನಚರಿ ರೂಪಿಸಿಕೊಳ್ಳೋಣ

ಚೈತ್ರ ಕಳೆದು ವೈಶಾಖ ಅಡಿಯಿಡುವ ಈ ದಿನಗಳಲ್ಲಿ ಉತ್ತರ ಒಳನಾಡಿನ ಬಯಲು ಸೀಮೆಯು ಕಾದ ಹಂಚಿನಂತಾಗುತ್ತದೆ. ಕಲಬುರಗಿ, ರಾಯಚೂರು, ಯಾದಗಿರಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸತೇನಲ್ಲ. ಬಸವ ಜಯಂತಿ, ಜಾತ್ರೆ, ರಥೋತ್ಸವ, ಮದುವೆಗಳು ಬರುವುದೂ ಇದೇ ಕಾಲಕ್ಕೆ. ಹೊಲದ ಉಳುಮೆ, ಉದ್ಯೋಗ ಖಾತ್ರಿಯ ಕೆಲಸಗಳೂ ನಿಲ್ಲುವುದಿಲ್ಲ. ಸದ್ಭಕ್ತರು ಬಿಸಿಲನ್ನು ಪೂರ್ಣ ತಪ್ಪಿಸಿಕೊಳ್ಳಲಾರರು. ಆದರೆ ಬರಲಿರುವ ಬಿಸಿಲನ್ನು ಮೊದಲೇ ಅರಿತು ಕಾಯಕದ ವೇಳೆಯನ್ನು ಬದಲಿಸಿಕೊಳ್ಳಬಲ್ಲರು. ಭಾರತೀಯ ಹವಾಮಾನ ಇಲಾಖೆಯು ಪ್ರತಿ ಗುರುವಾರ ಮುಂದಿನ ಎರಡು ವಾರಗಳ ಮುನ್ನೋಟವನ್ನೂ, ಬೆಂಗಳೂರಿನ ಹವಾಮಾನ ಕೇಂದ್ರವು ಪ್ರತಿದಿನ ಜಿಲ್ಲಾವಾರು ಮುನ್ಸೂಚನೆಯನ್ನೂ ನೀಡುತ್ತವೆ. ಅವನ್ನು ಆರೋಗ್ಯದ ದೃಷ್ಟಿಯಿಂದ ಗ್ರಹಿಸುವ ಬಗೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಅಂಕಿಯ ಹಿಂದಿನ ಅರ್ಥ

ಬಯಲು ನಾಡಿನಲ್ಲಿ ಗರಿಷ್ಠ ಉಷ್ಣಾಂಶವು 40 ಡಿಗ್ರಿ ಮುಟ್ಟಿ, ಆ ದಿನಗಳ ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಹೆಚ್ಚಿದ್ದರೆ ಇಲಾಖೆಯು ಅದನ್ನು ಉಷ್ಣ ಅಲೆ ಎಂದು ಪರಿಗಣಿಸುತ್ತದೆ. ವಾಡಿಕೆ ಎಷ್ಟೇ ಇರಲಿ, 45 ಡಿಗ್ರಿ ಮುಟ್ಟಿದರೂ ಅದು ಉಷ್ಣ ಅಲೆಯೇ. ಇಲ್ಲಿ ಒಂದು ಸೂಕ್ಷ್ಮವಿದೆ. ವಾಡಿಕೆಯ ಉಷ್ಣಾಂಶವೇ 40 ಇರುವ ಊರಿನಲ್ಲಿ 42 ಡಿಗ್ರಿ ದಾಖಲಾದರೆ ಅದು ಉಷ್ಣ ಅಲೆಯ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ಅಪಾಯವಿಲ್ಲವೆಂದು ಭಾವಿಸಲಾಗದು. ಅಲ್ಲದೆ, ಉಷ್ಣಮಾಪಕವನ್ನು ಗಾಳಿಯಾಡುವ ಪೆಟ್ಟಿಗೆಯೊಳಗೆ ನೆರಳಿನಲ್ಲಿ ಇಟ್ಟಿರುತ್ತಾರೆ. ತೆರೆದ ಹೊಲದಲ್ಲಿ ದುಡಿಯುವವರ ಮೈಮೇಲೆ ಬೀಳುವ ಝಳ ಆ ಅಂಕಿಗಿಂತ ಮಿಗಿಲಾದದ್ದು.

ಆದ್ದರಿಂದ ಹಗಲಿನ ಅಂಕಿಯೊಂದನ್ನೇ ನೋಡದೆ ರಾತ್ರಿಯ ಕನಿಷ್ಠ ಉಷ್ಣಾಂಶವನ್ನೂ ಗಮನಿಸಬೇಕು. ಹಗಲೆಲ್ಲ ಕಾದ ದೇಹವು ಚೇತರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ಬೆಚ್ಚನೆಯ ರಾತ್ರಿಗಳು ಸಾಲಾಗಿ ಬಂದರೆ ದಣಿವು ದಿನದಿಂದ ದಿನಕ್ಕೆ ಸಂಚಯವಾಗುತ್ತದೆ. ವೃದ್ಧರು ಮೊದಲು ಬಳಲುತ್ತಾರೆ. ಇನ್ನು ಗಾಳಿಯ ತೇವವನ್ನೂ ಪರಿಗಣಿಸಬೇಕು. ನಮ್ಮ ಒಣ ಹವೆಯಲ್ಲಿ ಬೆವರು ಕ್ಷಣದಲ್ಲಿ ಆರುವುದರಿಂದ ದೇಹದಿಂದ ಎಷ್ಟು ನೀರು ಹೋಯಿತೆಂಬುದು ಅರಿವಿಗೇ ಬರುವುದಿಲ್ಲ. ಭರಣಿ, ಕೃತ್ತಿಕಾ ಮಳೆಗಳ ಒಂದೆರಡು ಹನಿ ಬಿದ್ದ ಮೇಲಿನ ಧಗೆಯಲ್ಲಿ ಅಂಕಿ ತಗ್ಗಿದ್ದರೂ ಬೆವರು ಆರದೆ ಮೈ ತಣಿಯುವುದಿಲ್ಲ.

ಏಳು ದಿನಗಳ ಲೆಕ್ಕ

ಶಿಶಿರ, ವಸಂತ, ಗ್ರೀಷ್ಮಗಳನ್ನು ಆಯುರ್ವೇದವು ಆದಾನಕಾಲವೆಂದು ಕರೆಯುತ್ತದೆ. ಸೂರ್ಯನು ಜೀವಿಗಳ ಬಲವನ್ನು ಹೀರಿಕೊಳ್ಳುವ ಕಾಲವಿದು. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಋತುಸಂಧಿಯನ್ನು ಹೇಳಿದ್ದಾರೆ: ಮುಗಿಯುವ ಋತುವಿನ ಕೊನೆಯ 7 ದಿನ, ಬರುವ ಋತುವಿನ ಮೊದಲ 7 ದಿನ. ಈ ಅವಧಿಯಲ್ಲಿ ಹಳೆಯ ಚರ್ಯೆಯನ್ನು ಕ್ರಮೇಣ ಬಿಡುತ್ತ, ಹೊಸದನ್ನು ಕ್ರಮೇಣ ಹಿಡಿಯಬೇಕು. ಒಮ್ಮೆಲೇ ಬದಲಿಸಿದರೆ ರೋಗ ಹುಟ್ಟುತ್ತದೆ. ದೇಹವು ಬಿಸಿಲಿಗೆ ಒಗ್ಗಿಕೊಳ್ಳಲು ಒಂದರಿಂದ ಎರಡು ವಾರ ಬೇಕೆಂದು ಆಧುನಿಕ ವೈದ್ಯಶಾಸ್ತ್ರವೂ ಹೇಳುತ್ತದೆ.

ವಾರದ ಮುನ್ಸೂಚನೆಯ ನಿಜವಾದ ಪ್ರಯೋಜನ ಇಲ್ಲಿದೆ. ಉಷ್ಣಾಂಶ ಎಷ್ಟು ಎಂಬುದಕ್ಕಿಂತ ಯಾವ ದಿನ ಅದು ಥಟ್ಟನೆ ಏರಲಿದೆ ಎಂಬುದನ್ನು ಮೊದಲು ನೋಡಬೇಕು. ಆ ಏರಿಕೆಯ ಮೊದಲ ದಿನಗಳಲ್ಲಿ ಕೆಲಸದ ಭಾರವನ್ನು ಅರ್ಧಕ್ಕೆ ಇಳಿಸಿ, ಮುಂದೆ ಮೆಲ್ಲನೆ ಹೆಚ್ಚಿಸುವುದು ಯುಕ್ತ. ಬಹುದಿನಗಳ ನಂತರ ಹೊಲಕ್ಕೆ ಇಳಿದವರು, ತಂಪು ಊರಿನಿಂದ ಜಾತ್ರೆಗೆ ಬಂದವರು, ಜ್ವರದಿಂದ ಎದ್ದವರು ಇದನ್ನು ಅವಶ್ಯ ಪಾಲಿಸಬೇಕು. ಹಳದಿ ಸೂಚನೆ ಎಚ್ಚರಿಕೆಯದು. ಕಿತ್ತಳೆ ಸೂಚನೆ ಬಂದರೆ ಸಿದ್ಧರಾಗಬೇಕು. ಕೆಂಪು ಸೂಚನೆಯಿದ್ದ ದಿನ ಹಗಲು 12ರಿಂದ 4ರವರೆಗೆ ಹೊರಗಿನ ದುಡಿಮೆಯನ್ನು ನಿಲ್ಲಿಸುವುದೇ ಲೇಸು.

ಆಹಾರ, ಪಾನೀಯ, ವಿಶ್ರಾಂತಿ

ಗ್ರೀಷ್ಮದಲ್ಲಿ ಮಧುರ, ಶೀತ, ದ್ರವ, ಸ್ನಿಗ್ಧ ಆಹಾರ ಹಿತಕರ. ಖಾರ, ಹುಳಿ, ಅತಿಯಾದ ಉಪ್ಪು ಅಹಿತ. ಹುರಿದ ಜವೆಗೋಧಿಯ ಹಿಟ್ಟನ್ನು ತಣ್ಣೀರು, ಸಕ್ಕರೆಯೊಡನೆ ಕಲಸಿದ ಮಂಥವನ್ನು ಚರಕಾಚಾರ್ಯರು ಸೂಚಿಸಿದ್ದಾರೆ. ನಮ್ಮ ಮನೆಗಳ ಅಂಬಲಿ, ಬೆಲ್ಲದ ಪಾನಕ, ಲಾವಂಚದ ಬೇರು ಹಾಕಿಟ್ಟ ಮಡಕೆಯ ನೀರು, ಸೌತೆಕಾಯಿ ಮತ್ತು ಹೆಸರುಬೇಳೆಯ ಕೋಸಂಬರಿಗಳು ಅದೇ ತತ್ತ್ವದವು. ಮೊಸರು ಈ ಕಾಲಕ್ಕೆ ಸಲ್ಲದು. ಮಜ್ಜಿಗೆ ಬೇಕೆನಿಸಿದರೆ ಹುಳಿಯಾಗದ, ನೀರು ಹೆಚ್ಚಾದ ಮಜ್ಜಿಗೆಯಾಗಲಿ. ಉಪ್ಪು ಕಡಿಮೆಯಿರಲಿ ಎಂಬ ಮಾತು ಉಪ್ಪಿನಕಾಯಿ, ಸಂಡಿಗೆಗಳಿಗೆ ಅನ್ವಯಿಸುತ್ತದೆ. ದಿನವಿಡೀ ಬೆವರು ಸುರಿಸುವವರು ಪಾನೀಯಕ್ಕೆ ಚಿಟಿಕೆ ಉಪ್ಪು ಸೇರಿಸಬೇಕು. ರಕ್ತದೊತ್ತಡ, ಮೂತ್ರಪಿಂಡ, ಹೃದಯದ ಕಾಯಿಲೆಯುಳ್ಳವರು ನೀರು ಮತ್ತು ಉಪ್ಪಿನ ಪ್ರಮಾಣವನ್ನು ತಮ್ಮ ವೈದ್ಯರಲ್ಲಿ ವಿಚಾರಿಸಲಿ. ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಹಗಲು ನಿದ್ರೆಯನ್ನು ಸಾಮಾನ್ಯವಾಗಿ ನಿಷೇಧಿಸುವ ಶಾಸ್ತ್ರವು ಗ್ರೀಷ್ಮದಲ್ಲಿ ಮಾತ್ರ ಅದಕ್ಕೆ ಅನುಮತಿ ನೀಡಿದೆ. ಮಧ್ಯಾಹ್ನದ ಸ್ವಲ್ಪ ನಿದ್ರೆ ಸೋಮಾರಿತನವಲ್ಲ.

ಉಷ್ಣಾಘಾತವಾದಾಗ

ತಲೆಸುತ್ತು, ವಾಕರಿಕೆ, ಸ್ನಾಯುಸೆಳೆತ, ಅತಿ ಬಳಲಿಕೆ ಕಂಡರೆ ಕೂಡಲೇ ನೆರಳಿಗೆ ಬಂದು ಪಾನೀಯ ಸೇವಿಸಬೇಕು. ಮೈ ಕೆಂಡದಂತೆ ಸುಡುತ್ತ, ಮಾತು ತೊದಲಿ, ಬುದ್ಧಿ ಮಂಕಾದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತ. ಬೆವರು ಬರುತ್ತಿದೆಯೆಂದು ಅಲಕ್ಷಿಸಬಾರದು. ಇದು ಕಷಾಯ, ಲೇಹ್ಯಗಳಿಂದ ಗುಣವಾಗುವುದಲ್ಲ. ಜ್ವರದ ಮಾತ್ರೆಯೂ ಇಲ್ಲಿ ಕೆಲಸ ಮಾಡದು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತ ಗಾಳಿ ಬೀಸಬೇಕು. ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ತಣ್ಣೀರಿನ ಬಟ್ಟೆ ಅಥವಾ ಮಂಜುಗಡ್ಡೆ ಇಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಲೇಬಾರದು. ತಣಿಸುವುದು ತಡವಾದಷ್ಟೂ ಪ್ರಾಣಕ್ಕೆ ಅಪಾಯ.

ದಾರಿಹೋಕರಿಗೆ ಅರವಟ್ಟಿಗೆ ಇಡುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ದಾಸೋಹ. ವಾರದ ಮುನ್ಸೂಚನೆಯಲ್ಲಿ ಉಷ್ಣಾಂಶ ಏರಲಿದೆಯೆಂದು ತಿಳಿದ ಕೂಡಲೇ, ಏರಿಕೆಗೆ ಎರಡು ದಿನ ಮೊದಲೇ, ಓಣಿಯ ಸದ್ಭಕ್ತರು ಕೂಡಿ ಅರವಟ್ಟಿಗೆ ಆರಂಭಿಸಲಿ. ರಥ ಎಳೆಯುವ, ಪಲ್ಲಕ್ಕಿ ಹೊರುವ ಕಾರ್ಯಗಳನ್ನು ಮುಂಜಾನೆಗೋ ಸೂರ್ಯಾಸ್ತದ ನಂತರಕ್ಕೋ ಗೊತ್ತುಪಡಿಸಲಿ. ಒಂಟಿಯಾಗಿರುವ ಹಿರಿಯರ ಮನೆಯ ಬಾಗಿಲನ್ನು ದಿನಕ್ಕೆ ಎರಡು ಬಾರಿ ತಟ್ಟಿ ವಿಚಾರಿಸಲಿ. ಕಾಯಕಕ್ಕೆ ಕಾಯವೇ ಆಧಾರ. ಅದರ ರಕ್ಷಣೆ ಎಲ್ಲರ ಹೊಣೆ.