ದುಮ್ಮವಾಡದ ಮನೆಯೊಂದರ ಗಳಿಕೆ ಎಷ್ಟು?

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಹೋಬಳಿ ಊರು ದುಮ್ಮವಾಡ. ಹುಬ್ಬಳ್ಳಿಯ ದಾಹ ತಣಿಸಿದ ನೀರಸಾಗರ ಜಲಾಶಯ ಇದರ ಸಮೀಪದಲ್ಲೇ ಇದೆ. ಈ ಸೀಮೆಯ ಹೊಲಗಳಲ್ಲಿ ಗೋವಿನಜೋಳ, ಸೋಯಾಬೀನ್, ಭತ್ತ, ಹತ್ತಿ, ಕಬ್ಬು ಬೆಳೆಯುತ್ತವೆ. ಊರಿನ ಜನಸಂಖ್ಯೆ, ಸಾಕ್ಷರತೆ, ಮಳೆಯ ಲೆಕ್ಕ ಸರ್ಕಾರಿ ದಾಖಲೆಗಳಲ್ಲಿ ಸಿಗುತ್ತವೆ. ಇಲ್ಲಿನ ಸಾಧಾರಣ ಕುಟುಂಬ ವರ್ಷಕ್ಕೆ ಎಷ್ಟು ಗಳಿಸುತ್ತದೆ, ಹತ್ತು ವರ್ಷದ ಹಿಂದೆ ಎಷ್ಟು ಗಳಿಸುತ್ತಿತ್ತು ಎಂಬ ಪ್ರಶ್ನೆಗೆ ಮಾತ್ರ ಯಾವ ಕಡತವೂ ಉತ್ತರ ಕೊಡದು.

ಜಿಲ್ಲೆಯ ತಲಾ ಆದಾಯ ಪ್ರಕಟವಾಗುತ್ತದೆ, ನಿಜ. ಆದರೆ 2011ರ ಜನಗಣತಿಯ ಪ್ರಕಾರ ಧಾರವಾಡ ಜಿಲ್ಲೆಯ 18.47 ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣವಾಸಿಗಳು. ಹುಬ್ಬಳ್ಳಿ-ಧಾರವಾಡದ ಕಾರ್ಖಾನೆ, ಬ್ಯಾಂಕು, ವ್ಯಾಪಾರದ ಉತ್ಪನ್ನವನ್ನೂ ಸೇರಿಸಿ ತಲೆಗೆ ಹಂಚಿದ ಆ ಅಂಕಿಯಲ್ಲಿ ದುಮ್ಮವಾಡದ ಒಕ್ಕಲಿಗನ ಬದುಕು ಕಾಣುವುದಿಲ್ಲ. ಬೇಕಾದದ್ದು ಮಧ್ಯಾಂಕ. ಊರಿನ ಎಲ್ಲ ಮನೆಗಳನ್ನು ಗಳಿಕೆಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಮನೆಯ ಆದಾಯ ಅದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಎನ್‌ಸಿಎಇಆರ್ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆ 2004-05ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಭಾರತದ ಕುಟುಂಬಗಳ ವಾರ್ಷಿಕ ಆದಾಯದ ಮಧ್ಯಾಂಕ 27,857 ರೂಪಾಯಿ ಇತ್ತು. ಸರಾಸರಿ ಅದಕ್ಕಿಂತ ಬಹಳ ಮೇಲಿತ್ತು. ಕೆಲವೇ ಶ್ರೀಮಂತರು ಸರಾಸರಿಯನ್ನು ಮೇಲೆತ್ತಬಲ್ಲರು, ಮಧ್ಯಾಂಕವನ್ನು ಕದಲಿಸಲಾರರು.

ನಾಡಕಚೇರಿ ಕೊಡುವ ಆದಾಯ ಪ್ರಮಾಣಪತ್ರದಿಂದ ಈ ಮಧ್ಯಾಂಕ ಸಿಗದೇ? ಸಿಗದು. ಶಿಷ್ಯವೇತನ, ಪಡಿತರ ಚೀಟಿಗೆ ಮನೆಯವರ ಗಳಿಕೆ ನಿಗದಿತ ಮಿತಿಯೊಳಗಿದೆಯೇ ಎಂದು ತಿಳಿಸುವುದಷ್ಟೇ ಅದರ ಕೆಲಸ. ಒಮ್ಮೆ ಕೊಟ್ಟ ಪತ್ರ ಐದು ವರ್ಷ ನಡೆಯುತ್ತದೆ. ನಡುವೆ ಎರಡು ಬರಗಾಲ ಬಂದರೂ ಅಂಕಿ ಬದಲಾಗದು. 2011ರ ಸಾಮಾಜಿಕ-ಆರ್ಥಿಕ ಗಣತಿ ಮನೆಮನೆಗೆ ಹೋಯಿತಾದರೂ, ಮನೆಯಲ್ಲಿ ಅತಿ ಹೆಚ್ಚು ಗಳಿಸುವವರ ತಿಂಗಳ ಆದಾಯ 5,000ದ ಕೆಳಗೋ, 10,000ದೊಳಗೋ, ಅದಕ್ಕೂ ಮೇಲೋ ಎಂದಷ್ಟೇ ಕೇಳಿತು.

ಲೆಕ್ಕ ಹಾಕಲು ಕೂತರೆ ಕಷ್ಟ ತಿಳಿಯುತ್ತದೆ. ಎರಡು ಎಕರೆ ಗೋವಿನಜೋಳ, ಒಂದೆಕರೆ ಭತ್ತದ ಮನೆಯೊಂದನ್ನು ತೆಗೆದುಕೊಳ್ಳಿ. ಗೋವಿನಜೋಳದ ದುಡ್ಡು ದೀಪಾವಳಿಯ ಹೊತ್ತಿಗೆ ಒಂದೇ ಗಂಟಾಗಿ ಬರುತ್ತದೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕಳೆ ತೆಗೆದವರ ಕೂಲಿ ಅದರಲ್ಲಿ ಕಳೆಯಬೇಕು. ಅಂಗಡಿಯ ಉದ್ರಿ ತೀರಿಸಿದ ಮೇಲೆ ಕೈಯಲ್ಲಿ ಉಳಿದದ್ದನ್ನೇ ಮನೆಯವರು ಆದಾಯ ಎನ್ನುತ್ತಾರೆ. ಊಟಕ್ಕೆ ಇಟ್ಟುಕೊಂಡ ಭತ್ತಕ್ಕೂ ಬೆಲೆ ಕಟ್ಟಬೇಕು. ಡೇರಿಗೆ ಹಾಕುವ ಹಾಲು, ಹುಬ್ಬಳ್ಳಿಗೆ ದುಡಿಯಲು ಹೋಗುವ ಮಗನ ಪಗಾರ, ಪರರ ಹೊಲದ ಕೂಲಿ, ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ, ವರ್ಷಕ್ಕೆ 6,000ದ ಪಿಎಂ-ಕಿಸಾನ್ ಎಲ್ಲ ಸೇರಬೇಕು. 'ವರ್ಷಕ್ಕೆ ನಿಮ್ಮ ಆದಾಯ ಎಷ್ಟ್ರಿ?' ಎಂಬ ಒಂದೇ ಪ್ರಶ್ನೆಗೆ ಇಷ್ಟೆಲ್ಲ ಹೊರಬರುವುದಿಲ್ಲ.

ಇದು ಹಳೆಯ ತೊಡಕು. 1983-84ರಲ್ಲಿ ಐದು ರಾಜ್ಯಗಳಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಪ್ರಾಯೋಗಿಕವಾಗಿ ಆದಾಯ ಕೇಳಿದಾಗ, ಜನ ಹೇಳಿದ ಗಳಿಕೆ ಅವರ ಖರ್ಚು ಮತ್ತು ಉಳಿತಾಯದ ಮೊತ್ತಕ್ಕಿಂತ ಕಡಿಮೆ ಬಂತು. ಪ್ರಯತ್ನ ಅಲ್ಲಿಗೇ ನಿಂತಿತು. ಆಮೇಲೆ ಕೃಷಿ ಕುಟುಂಬಗಳ ಆದಾಯ ಮಾತ್ರ ಅಳೆಯಲಾಯಿತು. ಕರ್ನಾಟಕದ ಕೃಷಿ ಕುಟುಂಬದ ತಿಂಗಳ ಸರಾಸರಿ ಆದಾಯ 2012-13ರಲ್ಲಿ 8,832 ರೂಪಾಯಿ, 2018-19ರಲ್ಲಿ 13,441. ಶೇ 52ರಷ್ಟು ಏರಿಕೆ. ಅದೇ ಅವಧಿಯಲ್ಲಿ ದೇಶದ ಗ್ರಾಮೀಣ ಬೆಲೆಗಳು ಸುಮಾರು ಮೂರನೇ ಒಂದರಷ್ಟು ಏರಿದ್ದವು. ಅದನ್ನು ಕಳೆದರೆ ಉಳಿಯುವ ಏರಿಕೆ ಬಹಳ ಸಣ್ಣದು. ಇನ್ನೊಂದು ಮಾತೂ ಆ ಸಮೀಕ್ಷೆಯಿಂದ ತಿಳಿಯಿತು: 2018-19ರಲ್ಲಿ ದೇಶದ ಕೃಷಿ ಕುಟುಂಬದ ತಿಂಗಳ 10,218 ರೂಪಾಯಿಯಲ್ಲಿ ಕೂಲಿ-ಪಗಾರದ ಪಾಲು 4,063, ಪೀಕಿನ ಪಾಲು 3,798. ಒಕ್ಕಲುತನದ ಮನೆಗೂ ಪೀಕಿಗಿಂತ ಕೂಲಿ-ಪಗಾರದಿಂದಲೇ ಹೆಚ್ಚು ದುಡ್ಡು ಬರುತ್ತಿತ್ತು.

ಹಾಗೆಂದು ಸಣ್ಣ ಪ್ರದೇಶದ ಆದಾಯ ಅಳೆಯಲು ದಾರಿ ಇಲ್ಲವೆಂದಲ್ಲ. ಅಮೆರಿಕದ ಜನಗಣತಿ ಇಲಾಖೆ ನಮ್ಮ ಜಿಲ್ಲೆಯಂಥ ಪ್ರತಿಯೊಂದು ಕೌಂಟಿಗೂ ಮಧ್ಯಾಂಕ ಆದಾಯವನ್ನು ವರ್ಷವರ್ಷ ಅಂದಾಜು ಮಾಡುತ್ತದೆ. ಸಣ್ಣ ಕೌಂಟಿಯಲ್ಲಿ ಸಮೀಕ್ಷೆಗೆ ಸಿಕ್ಕ ಮನೆಗಳು ಕಡಿಮೆಯಾದರೆ ತೆರಿಗೆ ಮತ್ತು ಆಹಾರ ನೆರವಿನ ದಾಖಲೆಗಳು ಕೈಹಿಡಿಯುತ್ತವೆ. ನಮ್ಮಲ್ಲಿ ರೈತನಿಗೆ ಆದಾಯ ತೆರಿಗೆಯ ದಾಖಲೆ ಇಲ್ಲದಿದ್ದರೇನು, ಬೆಳೆ ಸಮೀಕ್ಷೆ, ಎಪಿಎಂಸಿ ಧಾರಣೆ, ಉದ್ಯೋಗ ಖಾತರಿ ಹಾಜರಿ, ಹಾಲು ಸಂಘದ ಲೆಕ್ಕ ಇವೆ. ಇವನ್ನು ಒಳ್ಳೆಯ ಮಾದರಿ ಸಮೀಕ್ಷೆಯೊಂದಿಗೆ ಹೊಂದಿಸಿದರೆ ತಾಲ್ಲೂಕು ಮಟ್ಟದ ಅಂದಾಜು ಅಸಾಧ್ಯವಲ್ಲ.

ರಾಷ್ಟ್ರೀಯ ಕೌಟುಂಬಿಕ ಆದಾಯ ಸಮೀಕ್ಷೆಯನ್ನು 2026ರ ಫೆಬ್ರುವರಿಯಿಂದ ನಡೆಸುವುದಾಗಿ ಕೇಂದ್ರದ ಸಾಂಖ್ಯಿಕ ಸಚಿವಾಲಯ 2025ರಲ್ಲಿ ಪ್ರಕಟಿಸಿತು. ಇಂಥ ಸಮೀಕ್ಷೆಯ ಫಲ ರಾಜ್ಯದ ಸರಾಸರಿಗೇ ನಿಲ್ಲಬಾರದು. ಕಲಘಟಗಿಗೂ ಅದೇ ಜಿಲ್ಲೆಯ ಅಣ್ಣಿಗೇರಿಗೂ ಬೇರೆಬೇರೆ ಮಧ್ಯಾಂಕ ಬೇಕು. ಮಲೆನಾಡಿನ ಸೆರಗಿನ ಭತ್ತದ ಸೀಮೆಯೂ ಎರೆಹೊಲದ ಕಡಲೆ ಸೀಮೆಯೂ ಒಂದೇ ಅಲ್ಲ. ಸಮೀಕ್ಷೆಯವರು ಬಾಗಿಲಿಗೆ ಬಂದರೆ ಪಡಿತರ ಚೀಟಿ ಹೋದೀತೆಂದು ಅಂಜಿ ಕಡಿಮೆ ಹೇಳಬೇಡಿ. ಕೂಲಿ, ಹಾಲು, ಪೀಕು, ಸಾಲ ಎಲ್ಲವನ್ನೂ ಇದ್ದಂತೆ ಬರೆಸಿ.