ಬದಲಿಸಬಹುದಾದ ಮಿಡ್‌ಸೋಲ್ ಉಳ್ಳ ಶೂ: ತೆರಿಗೆ ಮತ್ತು ದಾಸ್ತಾನಿನ ಲೆಕ್ಕ

ಮಾಯಸಂದ್ರ, ತುರುವೇಕೆರೆ ಭಾಗದ ಪಾದರಕ್ಷೆ ವರ್ತಕರಿಗೆ ಅಟ್ಟೆ ಬದಲಿಸುವುದು ಹೊಸ ಸಂಗತಿಯಲ್ಲ. ಆದರೆ ಕಾಡುದಾರಿಯ ಓಟದ ಶೂಗಳಲ್ಲಿ ಹೊರ ಅಟ್ಟೆ ಗಟ್ಟಿಯಾಗಿರುವಾಗಲೇ ಅದರ ಮೇಲಿನ ಫೋಮ್ ಪದರ, ಅಂದರೆ ಮಿಡ್‌ಸೋಲ್, ಅನೇಕ ವೇಳೆ ಕುಗ್ಗಿಹೋಗುತ್ತದೆ. ಅಮೆರಿಕದ ಸ್ಪೀಡ್‌ಲ್ಯಾಂಡ್ ಸಂಸ್ಥೆಯು 2021ರಲ್ಲಿ ತಂದ ಶೂವಿನಲ್ಲಿ ಈ ಪದರವನ್ನು ಅಂಟಿಸದೆ, ಹೊರತೆಗೆಯಲು ಬರುವಂತೆ ರೂಪಿಸಲಾಗಿತ್ತು.

2025ರ ಸೆಪ್ಟೆಂಬರ್ 22ರಿಂದ ಜೋಡಿಗೆ ರೂ. 2,500 ಮೀರದ ಪಾದರಕ್ಷೆಗೆ ಜಿಎಸ್‌ಟಿ ಶೇ. 5, ಮೀರಿದರೆ ಶೇ. 18. ರೂ. 2,400ರ ಜೋಡಿಯು ಗ್ರಾಹಕನಿಗೆ ರೂ. 2,520ಕ್ಕೆ ದೊರೆತರೆ, ರೂ. 2,600ರ ಜೋಡಿಗೆ ಆತ ರೂ. 3,068 ತೆರಬೇಕು. ಹೆಚ್ಚುವರಿ ಮಿಡ್‌ಸೋಲನ್ನು ಅದೇ ಪೆಟ್ಟಿಗೆಯಲ್ಲಿಟ್ಟು ಒಂದೇ ಬೆಲೆ ನಮೂದಿಸಿದರೆ ಈ ಗಡಿಯನ್ನು ದಾಟುವುದು ಸುಲಭ. ಬೇರೆಯಾಗಿ ಮಾರಿದಾಗ ಅದು ಪಾದರಕ್ಷೆಯ ಭಾಗವೆಂದು 6406 ಶೀರ್ಷಿಕೆಗೆ ಸೇರುವುದರಿಂದ, ಶೂವಿನ ದರವನ್ನೇ ಬಿಲ್ಲಿಗೆ ಹಾಕುವುದು ಸಲ್ಲದು.

ದಾಸ್ತಾನಿನ ಅಪಾಯ ಇದಕ್ಕಿಂತ ದೊಡ್ಡದು. ಅಟ್ಟದ ಮೇಲೆ ಕಾಯ್ದಿಟ್ಟ ಕೊಬ್ಬರಿಗೆ ಬೆಲೆ ಏರೀತು; ಒಂದೇ ಮಾದರಿಗೆ, ಒಂದೇ ಅಳತೆಗೆ ಹೊಂದುವ ಮಿಡ್‌ಸೋಲಿಗೆ ಆ ಮಾದರಿ ನಿಂತ ಮೇಲೆ ಗಿರಾಕಿ ಕಡಿಮೆ. ವರ್ಷಾಂತ್ಯದಲ್ಲಿ ಖರೀದಿ ವೆಚ್ಚ ಹಾಗೂ ಮಾರಾಟದಿಂದ ನಿವ್ವಳವಾಗಿ ಕೈಸೇರಬಹುದಾದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನೇ ಲೆಕ್ಕಕ್ಕೆ ತರಬೇಕು. ಉಳಿದ ಸರಕನ್ನು ಹಿಂಪಡೆಯುವುದಾಗಿ ಸರಬರಾಜುದಾರರು ಲಿಖಿತವಾಗಿ ಒಪ್ಪದ ಹೊರತು, ಹೆಚ್ಚು ಮಾರಾಟವಾಗುವ ಎರಡು ಮೂರು ಅಳತೆಗಳನ್ನಷ್ಟೇ ತರಿಸುವುದು ಲೇಸು.