ಬಾಲ್‌ಪೆನ್ನಿನ ಪರೀಕ್ಷೆ

ಅಂಗಡಿಯಲ್ಲಿ ಬಾಲ್‌ಪೆನ್ನು ಕೊಳ್ಳುವವರು ಒಂದು ಗೆರೆ ಎಳೆದು ತೃಪ್ತರಾಗುತ್ತಾರೆ. ನೇರ ಗೆರೆಯನ್ನು ಯಾವ ಪೆನ್ನಾದರೂ ಎಳೆದೀತು. ನಾನು ‘ಋಣ’, ‘ತೃಷ್ಣೆ’ ಎಂದು ಬರೆದು ನೋಡುತ್ತೇನೆ. (ಅಂಗಡಿಯವರು ಅಪಾರ್ಥ ಮಾಡಿಕೊಳ್ಳಬಾರದು.) ಸುತ್ತಿ ಸುತ್ತಿ ಹಿಂದಿರುಗುವ ಇಂಥ ಅಕ್ಷರಗಳಲ್ಲೇ ಪೆನ್ನಿನ ಗುಣ ಬಯಲಾಗುವುದು.

ಹಂಗೇರಿಯ ಪತ್ರಕರ್ತ ಲಾಸ್ಲೊ ಬಿರೊ 1938ರಲ್ಲಿ ಪೇಟೆಂಟು ಪಡೆದ ಈ ಉಪಕರಣದ ಜೀವವೆಲ್ಲ ಅದರ ತುದಿಯಲ್ಲಿದೆ. ಅಲ್ಲಿ ಲೋಹದ ಗೂಡಿನಲ್ಲಿ ಕುಳಿತ, 1 ಮಿಲಿಮೀಟರಿನಷ್ಟೋ ಅದಕ್ಕೂ ಕಿರಿದೋ ಆದ ಗುಂಡು ಉರುಳುತ್ತ, ಎಣ್ಣೆ ಬೆರೆತ ಮಂದವಾದ ಮಸಿಯನ್ನು ಕಾಗದಕ್ಕೆ ಸವರುತ್ತದೆ. ಕಾಗದಕ್ಕಿಳಿಯದೆ ಉಳಿದ ಮಸಿ ಗೂಡಿನ ಅಂಚಿನಲ್ಲಿ ಸೇರಿಕೊಳ್ಳುತ್ತದೆ. ಬರಹದ ದಿಕ್ಕು ತಿರುಗಿದೊಡನೆ ಬೊಟ್ಟಾಗಿ ಬೀಳುತ್ತದೆ. ನಮ್ಮ ಲಿಪಿಯಲ್ಲಿ ತಿರುವುಗಳಿಗೇನು ಬರವೆ? ಗೂಡು ತೀರ ಬಿಗಿಯಾದರೋ, ಗೆರೆ ನಡುನಡುವೆ ಕಡಿಯುತ್ತದೆ.

ರೂಪದ ಮಾತಿಗೆ 1950ರ ಬಿಕ್ ಕ್ರಿಸ್ಟಲನ್ನೇ ನೋಡಬಹುದು. ಆರು ಮುಖಗಳ ಮೈ, ಮೇಜಿನಿಂದ ಉರುಳದು. ಪಾರದರ್ಶಕ, ಉಳಿದ ಮಸಿ ಕಾಣುತ್ತದೆ. ಉಡುಗೊರೆಗೆಂದೇ ಮಾಡಿದ ನುಣುಪು ಲೋಹದ ಪೆನ್ನುಗಳು ಬೆವರಿದ ಬೆರಳಲ್ಲಿ ಜಾರುತ್ತವೆ. ಮೂರು ಗಂಟೆ ಪರೀಕ್ಷೆ ಬರೆಯುವ ಹುಡುಗಿಗೆ ಆ ಹೊಳಪಿನಿಂದೇನು?

ಒಂದು ಪುಟ ಬರೆದ ಮೇಲೆ ಹಾಳೆಯನ್ನು ಮಗುಚಿ, ಹಿಂಬದಿಯನ್ನು ಬೆರಳಿನಿಂದ ಸವರಿರಿ. ಅಕ್ಷರಗಳು ಉಬ್ಬಿ ಕೈಗೆ ತಗುಲಿದರೆ, ಆ ಪೆನ್ನು ನಿಮ್ಮಿಂದ ಹೆಚ್ಚು ಒತ್ತಡವನ್ನು ಬೇಡಿದೆ.